ಎಸ್. ಆರ್. ಬೊಮ್ಮಾಯಿ: ಸದನದ ಘನತೆಗಾಗಿ ನ್ಯಾಯಪೀಠದ ಮೆಟ್ಟಿಲೇರಿದ ನ್ಯಾಯವಾದಿ

2018ರ ಮೇ ತಿಂಗಳಿನಲ್ಲಿ ವಿಧಾನಸೌಧದಲ್ಲಿ ಬಹುಮತ ಸಾಬೀತಿನ ಪ್ರಶ್ನೆ ಎದ್ದು ನಾಡಿನ ಜನರೆಲ್ಲ ದೂರದರ್ಶನದ ಮುಂದೆ ಕುಳಿತಿದ್ದಾಗ ‘ಬೊಮ್ಮಾಯಿ ಪ್ರಕರಣ’ ಎಂಬ ಮಾತು ದಿನಕ್ಕೆ ಹತ್ತಾರು ಬಾರಿ ಕೇಳಿಬರುತ್ತಿತ್ತು. ಆ ದಿನಗಳಲ್ಲಿ ಶ್ರೀಮಠಕ್ಕೆ ಬಂದ ರೋಣ ತಾಲೂಕು ಬೆಳವಣಕಿಯ ಭಕ್ತರೊಬ್ಬರು ನಮ್ಮನ್ನು ಮುಗ್ಧವಾಗಿ ಕೇಳಿದರು: “ಪ್ರಕರಣ ಅಂದರ ಏನ್ರಿ, ಬೊಮ್ಮಾಯಿಯವರು ಏನರ ಅಪರಾಧ ಮಾಡಿದ್ದರೇನು?”

ಆ ಪ್ರಶ್ನೆಗೆ ನಾವು ನಗಲಿಲ್ಲ. ಪ್ರಕರಣವೆಂದರೆ ಕಳವು, ಕೊಲೆ, ಲಂಚ ಎಂದೇ ತಿಳಿಯುವ ಕಾಲವಿದು. ಒಬ್ಬ ವ್ಯಕ್ತಿ ತನಗಾದ ಅನ್ಯಾಯವನ್ನು ಬೀದಿಗೆ ತಾರದೆ ನ್ಯಾಯಪೀಠದ ಮುಂದಿಟ್ಟು, ಐದು ವರ್ಷ ಕಾದು, ತನಗೆ ಮರಳಿ ದೊರೆಯಲಾರದ ಪೀಠಕ್ಕಾಗಿ ಅಲ್ಲದೆ ಮುಂದಿನವರೆಲ್ಲರಿಗೂ ದಾರಿಯಾಗಬಲ್ಲ ಒಂದು ನಿಯಮಕ್ಕಾಗಿ ಹೋರಾಡಿದ ಪ್ರಕರಣವೂ ಇರಬಹುದೆಂಬುದು ಹೊಸ ಪೀಳಿಗೆಗೆ ಸುಲಭವಾಗಿ ಹೊಳೆಯುವುದಿಲ್ಲ. ‘ಬೊಮ್ಮಾಯಿ’ ಎಂದೊಡನೆ ಇಂದಿನ ಯುವಕರಿಗೆ ನೆನಪಾಗುವವರು ಮಾಜಿ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು. ಅವರ ತಂದೆ ಸೋಮಪ್ಪ ರಾಯಪ್ಪ ಬೊಮ್ಮಾಯಿಯವರ ಬದುಕನ್ನೂ ಅವರ ಹೆಸರು ಹೊತ್ತ ತೀರ್ಪಿನ ಸಾರವನ್ನೂ ಭಕ್ತರ ತಿಳಿವಳಿಕೆಗಾಗಿ ಇಲ್ಲಿ ಕ್ರಮವಾಗಿ ನಿರೂಪಿಸಲು ಬಯಸುತ್ತೇವೆ.

ಹುಟ್ಟು ಮತ್ತು ಪರಿಸರ

ಎಸ್. ಆರ್. ಬೊಮ್ಮಾಯಿಯವರು 1924ರ ಜೂನ್ 6ರಂದು ಕಾರಡಗಿ ಗ್ರಾಮದಲ್ಲಿ ಜನಿಸಿದರು. ಅಂದು ಆ ಗ್ರಾಮ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಇಂದು ಹಾವೇರಿ ಜಿಲ್ಲೆಯಲ್ಲಿದೆ. 1997ರಲ್ಲಿ ಗದಗ ಹಾಗೂ ಹಾವೇರಿ ಜಿಲ್ಲೆಗಳು ಬೇರೆಯಾಗುವವರೆಗೆ ಕಾರಡಗಿಯೂ ನಮ್ಮ ಬೆಳವಣಕಿಯೂ ಒಂದೇ ಜಿಲ್ಲೆಯ ಊರುಗಳಾಗಿದ್ದವು. ಒಂದೇ ಜಿಲ್ಲಾ ಕಚೇರಿ, ಒಂದೇ ಜಿಲ್ಲಾ ನ್ಯಾಯಾಲಯ, ಮುಂಬಯಿಯತ್ತ ಮುಖ ಮಾಡಿದ ಒಂದೇ ಆಡಳಿತ. ಕನ್ನಡ ನುಡಿಯುವ ಜನ ತಮ್ಮ ಅಹವಾಲನ್ನು ಮರಾಠಿ, ಗುಜರಾತಿ ನುಡಿಗಳವರು ಹೆಚ್ಚಾಗಿದ್ದ ದೂರದ ಶಾಸನಸಭೆಗೆ ಒಯ್ಯಬೇಕಾಗಿದ್ದ ಕಾಲವದು.

ಈ ಹಿನ್ನೆಲೆಯನ್ನು ಮರೆತರೆ ಅಂದಿನ ಉತ್ತರ ಕರ್ನಾಟಕದಲ್ಲಿ ವಕೀಲ ವೃತ್ತಿಗಿದ್ದ ಸ್ಥಾನ ಅರ್ಥವಾಗದು. ಹಳ್ಳಿಯ ರೈತನಿಗೂ ಸರಕಾರಕ್ಕೂ ನಡುವೆ ನಿಂತು ಮಾತನಾಡಬಲ್ಲವನು ವಕೀಲನೇ ಆಗಿದ್ದನು. ಹುಬ್ಬಳ್ಳಿಯ ಸರ್ ಸಿದ್ದಪ್ಪ ಕಂಬಳಿಯವರು ವಕೀಲರಾಗಿದ್ದು ಮುಂಬಯಿ ಸರಕಾರದಲ್ಲಿ ಸಚಿವರಾದರು. ಎಸ್. ನಿಜಲಿಂಗಪ್ಪನವರು ಚಿತ್ರದುರ್ಗದಲ್ಲಿ, ಬಿ. ಡಿ. ಜತ್ತಿಯವರು ಜಮಖಂಡಿಯಲ್ಲಿ ವಕೀಲಿ ಮಾಡಿದವರು. ಮುಂದೆ ಇಬ್ಬರೂ ಈ ನಾಡಿನ ಮುಖ್ಯಮಂತ್ರಿಗಳಾದರು. ಬೊಮ್ಮಾಯಿಯವರು ಈ ಸಾಲಿಗೆ ಸೇರುವವರು.

ವಕೀಲ ವೃತ್ತಿ, ವಿಚಾರ, ಏಕೀಕರಣ

ಕಾನೂನು ಪದವಿ ಪಡೆದ ಬೊಮ್ಮಾಯಿಯವರು ಹುಬ್ಬಳ್ಳಿಯಲ್ಲಿ ವಕೀಲಿ ವೃತ್ತಿಯನ್ನು ಕೈಗೊಂಡರು. ತಾರುಣ್ಯದಲ್ಲಿಯೇ ಸ್ವಾತಂತ್ರ್ಯ ಚಳವಳಿಯ ಗಾಳಿ ಅವರನ್ನು ತಾಕಿತ್ತು. ಅನಂತರ ಕರ್ನಾಟಕ ಏಕೀಕರಣದ ಹೋರಾಟದಲ್ಲಿ ಅವರು ಕ್ರಿಯಾಶೀಲರಾದರು. 1953ರಲ್ಲಿ ಅದರಗುಂಚಿ ಶಂಕರಗೌಡ ಪಾಟೀಲರು ಕೈಗೊಂಡ ಉಪವಾಸ ಸತ್ಯಾಗ್ರಹ ಹುಬ್ಬಳ್ಳಿ-ಧಾರವಾಡದ ನೆಲವನ್ನೆಲ್ಲ ಅಲುಗಿಸಿದ ವರ್ಷಗಳವು. 1956ರ ನವೆಂಬರ್ 1ರಂದು ಹರಿದು ಹಂಚಿಹೋಗಿದ್ದ ಕನ್ನಡ ನಾಡು ಒಂದಾದಾಗ ಬೊಮ್ಮಾಯಿಯವರಿಗೆ ಮೂವತ್ತೆರಡು ವರ್ಷ.

ಅವರ ವಿಚಾರವನ್ನು ರೂಪಿಸಿದವರಲ್ಲಿ ಮುಖ್ಯರು ಎಂ. ಎನ್. ರಾಯ್. ಕ್ರಾಂತಿಕಾರಿಯಾಗಿ ಬದುಕು ಆರಂಭಿಸಿ ಕೊನೆಗೆ ಮನುಷ್ಯನ ವಿವೇಕ ಹಾಗೂ ಸ್ವಾತಂತ್ರ್ಯವನ್ನೇ ಎಲ್ಲದಕ್ಕೂ ಅಳತೆಗೋಲೆಂದು ಸಾರಿದ ರಾಯ್ ಅವರ ನವ ಮಾನವತಾವಾದ ಅಂದಿನ ಅನೇಕ ಕನ್ನಡ ತರುಣರನ್ನು ಸೆಳೆದಿತ್ತು. ಬೊಮ್ಮಾಯಿಯವರು ಆ ವಿಚಾರಕ್ಕೆ ಒಲಿದವರೆಂದೇ ಪ್ರಸಿದ್ಧರು. ಅವರು ಧರ್ಮವನ್ನು ರಾಜಕಾರಣದ ಮೆಟ್ಟಿಲಾಗಿ ಬಳಸಿದವರಲ್ಲ. ಲಿಂಗಾಯತ ಸಮುದಾಯದಲ್ಲಿ ಹುಟ್ಟಿದ ಒಬ್ಬ ನಾಯಕನ ಈ ನಿಲುವನ್ನು ಮಠದ ಅಂಗಳದಿಂದ ನೆನೆಯುವುದರಲ್ಲಿ ನಮಗೆ ಯಾವ ಸಂಕೋಚವೂ ಇಲ್ಲ. ಅರಿವನ್ನೇ ಗುರುವೆಂದು ಬಗೆದ ಪರಂಪರೆ ನಮ್ಮದು. ಪ್ರಶ್ನಿಸುವ ಮನಸ್ಸು ಅದಕ್ಕೆ ಹೊರಗಿನದಲ್ಲ.

ಶಾಸನಸಭೆಯಲ್ಲಿ

1967ರ ಚುನಾವಣೆಯಲ್ಲಿ ಬೊಮ್ಮಾಯಿಯವರು ಕುಂದಗೋಳ ಕ್ಷೇತ್ರದಿಂದ ವಿಧಾನಸಭೆಯನ್ನು ಪ್ರವೇಶಿಸಿದರು. ಎಪ್ಪತ್ತರ ದಶಕದಲ್ಲಿ ವಿಧಾನ ಪರಿಷತ್ತಿನ ಸದಸ್ಯರಾಗಿದ್ದರು. ತುರ್ತುಪರಿಸ್ಥಿತಿಯ ನಂತರ ಜನತಾ ಪಕ್ಷದಲ್ಲಿ ನಿಂತ ಅವರು 1978, 1983 ಹಾಗೂ 1985ರಲ್ಲಿ ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದಿಂದ ಆಯ್ಕೆಯಾದರು. ಹೀಗೆ ಮೇಲ್ಮನೆ-ಕೆಳಮನೆಗಳೆರಡರ ರೀತಿನೀತಿಗಳನ್ನು ಒಳಗಿನಿಂದ ಕಂಡವರು ಅವರು.

ಈ ನಡುವೆ ನಮ್ಮ ಭಾಗದಲ್ಲಿ ನಡೆದ ಒಂದು ಘಟನೆಯನ್ನು ಇಲ್ಲಿ ನೆನೆಯಬೇಕು. ಮಲಪ್ರಭಾ ಅಚ್ಚುಕಟ್ಟಿನ ರೈತರು ಅಭಿವೃದ್ಧಿ ಕರದ ವಿರುದ್ಧ ಎದ್ದು ನಿಂತು, 1980ರ ಜುಲೈ 21ರಂದು ನರಗುಂದ-ನವಲಗುಂದಗಳಲ್ಲಿ ಗೋಲಿಬಾರು ನಡೆದು ರೈತರ ನೆತ್ತರು ಹರಿಯಿತು. ಆ ಬಂಡಾಯದ ಬಿಸಿ ರಾಜ್ಯವನ್ನೆಲ್ಲ ವ್ಯಾಪಿಸಿತು. 1983ರ ಜನವರಿಯಲ್ಲಿ ಕರ್ನಾಟಕದಲ್ಲಿ ಮೊಟ್ಟಮೊದಲ ಕಾಂಗ್ರೆಸ್ಸೇತರ ಸರಕಾರ ರಾಮಕೃಷ್ಣ ಹೆಗಡೆಯವರ ನೇತೃತ್ವದಲ್ಲಿ ರಚನೆಯಾದುದಕ್ಕೆ ಇದ್ದ ಕಾರಣಗಳಲ್ಲಿ ನಮ್ಮ ನೆರೆಯ ಊರುಗಳ ಈ ನೋವೂ ಒಂದು. ಆ ಸರಕಾರದಲ್ಲಿ ಬೊಮ್ಮಾಯಿಯವರು ಸಚಿವರಾಗಿ ಕೈಗಾರಿಕೆಯಂತಹ ಮಹತ್ವದ ಖಾತೆಯನ್ನು ನಿರ್ವಹಿಸಿದರು. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ ಮೂಲಕ ಅಧಿಕಾರವನ್ನು ಹಳ್ಳಿಗಿಳಿಸಿದ ಸರಕಾರವೆಂದು ಜನ ಅದನ್ನು ಇಂದಿಗೂ ನೆನೆಯುತ್ತಾರೆ.

ಎಂಟು ತಿಂಗಳ ಮುಖ್ಯಮಂತ್ರಿ

ದೂರವಾಣಿ ಕದ್ದಾಲಿಕೆಯ ಆರೋಪದ ಹಿನ್ನೆಲೆಯಲ್ಲಿ ಹೆಗಡೆಯವರು ರಾಜೀನಾಮೆಯಿತ್ತಾಗ, 1988ರ ಆಗಸ್ಟ್ 13ರಂದು ಬೊಮ್ಮಾಯಿಯವರು ಮುಖ್ಯಮಂತ್ರಿಯಾದರು. ಅದೇ ವರ್ಷ ಜನತಾ ಪಕ್ಷವೂ ಲೋಕದಳವೂ ಕೂಡಿ ಜನತಾದಳ ರೂಪುಗೊಂಡಿತು. ಹಳೆಯ ಮನೆಗಳೆರಡು ಒಂದಾದಾಗ ಒಳಜಗಳಗಳೂ ಜೊತೆಯಲ್ಲೇ ಬರುತ್ತವೆ. ಪಕ್ಷದೊಳಗೆ ಅತೃಪ್ತಿ ಹೊಗೆಯಾಡುತ್ತಿತ್ತು; ಸಚಿವ ಸ್ಥಾನದ ಆಕಾಂಕ್ಷಿಗಳು ಬಹಳವಿದ್ದರು. 1989ರ ಏಪ್ರಿಲ್ 15ರಂದು ಮುಖ್ಯಮಂತ್ರಿಗಳು 13 ಮಂದಿಯನ್ನು ಸೇರಿಸಿಕೊಂಡು ಸಂಪುಟವನ್ನು ವಿಸ್ತರಿಸಿದರು. ಆಗ ಅವಕಾಶ ದೊರೆಯದವರ ಅಸಮಾಧಾನ ಬಯಲಿಗೆ ಬಿತ್ತು. ಅವರ ಆಡಳಿತಕ್ಕೆ ತನ್ನನ್ನು ತೋರಿಸಿಕೊಳ್ಳಲು ದೊರೆತದ್ದು ಎಂಟು ತಿಂಗಳಷ್ಟೇ.

1989ರ ಏಪ್ರಿಲ್: ಐದು ದಿನಗಳ ಕಥೆ

ಆ ಐದು ದಿನಗಳನ್ನು ದಿನವಾರು ನೋಡುವುದು ಒಳ್ಳೆಯದು.

ಏಪ್ರಿಲ್ 17ರಂದು ಆಡಳಿತ ಪಕ್ಷದ ಶಾಸಕರೊಬ್ಬರು ಬೆಂಬಲ ಹಿಂತೆಗೆದುಕೊಂಡುದಾಗಿ ಅಂದಿನ ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರಿಗೆ ಪತ್ರವಿತ್ತರು. ಮರುದಿನ ಅವರೇ 19 ಪತ್ರಗಳನ್ನು ತಂದೊಪ್ಪಿಸಿದರು. ಅವು 19 ಮಂದಿ ಶಾಸಕರು ಸರಕಾರಕ್ಕೆ ಬೆಂಬಲವಿಲ್ಲವೆಂದು ಬರೆದುಕೊಟ್ಟ ಪತ್ರಗಳೆನ್ನಲಾಯಿತು. ಏಪ್ರಿಲ್ 19ರಂದು ರಾಜ್ಯಪಾಲರು ರಾಷ್ಟ್ರಪತಿಗಳಿಗೆ ವರದಿ ಕಳುಹಿಸಿದರು. ಮುಖ್ಯಮಂತ್ರಿಗಳಿಗೆ ಬಹುಮತವಿಲ್ಲ, ಬೇರೆ ಯಾವ ಪಕ್ಷವೂ ಸರಕಾರ ರಚಿಸುವ ಸ್ಥಿತಿಯಲ್ಲಿಲ್ಲ, ಆದ್ದರಿಂದ ಸಂವಿಧಾನದ 356ನೆಯ ವಿಧಿಯನ್ವಯ ರಾಷ್ಟ್ರಪತಿ ಆಳ್ವಿಕೆ ಸೂಕ್ತ ಎಂಬುದು ಅದರ ಸಾರ.

ಏಪ್ರಿಲ್ 20ರಂದು ಚಿತ್ರ ಬದಲಾಯಿತು. ಆ 19 ಮಂದಿಯಲ್ಲಿ 7 ಮಂದಿ ಶಾಸಕರು, ತಮ್ಮ ಸಹಿಯನ್ನು ತಪ್ಪು ತಿಳಿವಳಿಕೆ ನೀಡಿ ಪಡೆಯಲಾಗಿತ್ತೆಂದೂ ತಾವು ಸರಕಾರದ ಜೊತೆಗೇ ಇರುವುದಾಗಿಯೂ ರಾಜ್ಯಪಾಲರಿಗೆ ಬರೆದರು. ಅಂದೇ ಸಂಪುಟ ಸಭೆ ಸೇರಿ ಏಪ್ರಿಲ್ 27ಕ್ಕೆ ವಿಧಾನಸಭೆಯ ಅಧಿವೇಶನ ಕರೆಯಲು ತೀರ್ಮಾನಿಸಿತು. ಮುಖ್ಯಮಂತ್ರಿಗಳು ರಾಜ್ಯಪಾಲರನ್ನು ಕಂಡು, ಸದನದಲ್ಲಿಯೇ ಬಹುಮತ ತೋರಿಸುವೆ, ಬೇಕಾದರೆ ಅಧಿವೇಶನವನ್ನು ಇನ್ನೂ ಮುಂಚಿತವಾಗಿ ಕರೆಯಲು ಸಿದ್ಧ ಎಂದು ತಿಳಿಸಿದರು. ರಾಷ್ಟ್ರಪತಿಗಳಿಗೂ ಈ ಸಂಗತಿಯನ್ನು ತಿಳಿಸಲಾಯಿತು. ಬಹುಮತದ ಪರೀಕ್ಷೆ ಸದನದಲ್ಲಿಯೇ ಆಗಬೇಕೆಂಬ ಸರ್ಕಾರಿಯಾ ಆಯೋಗದ ಶಿಫಾರಸನ್ನೂ ರಾಜ್ಯಪಾಲರ ಗಮನಕ್ಕೆ ತರಲಾಯಿತು.

ಆದರೆ ರಾಜ್ಯಪಾಲರು ಅದೇ ದಿನ ಎರಡನೆಯ ವರದಿಯನ್ನು ಕಳುಹಿಸಿ ಮೊದಲಿನ ನಿಲುವನ್ನೇ ಪುನರುಚ್ಚರಿಸಿದರು. ಏಪ್ರಿಲ್ 21ರಂದು ಸರಕಾರ ವಜಾ ಆಯಿತು, ವಿಧಾನಸಭೆ ವಿಸರ್ಜನೆಗೊಂಡಿತು. ಒಂದು ವಾರ ಕಾದಿದ್ದರೆ ಉಳಿಯುತ್ತಿತ್ತೋ ಬೀಳುತ್ತಿತ್ತೋ ಆ ಸರಕಾರ, ನಾವು ಹೇಳಲಾರೆವು. ಹೇಳಬೇಕಾಗಿದ್ದದ್ದು ಸದನ. ಆ ಸದನಕ್ಕೇ ಮಾತನಾಡುವ ಅವಕಾಶ ದೊರೆಯಲಿಲ್ಲ.

356ನೆಯ ವಿಧಿ ಎಂದರೇನು?

ರಾಜ್ಯವೊಂದರಲ್ಲಿ ಸಂವಿಧಾನದಂತೆ ಆಡಳಿತ ನಡೆಸಲಾಗದ ಪರಿಸ್ಥಿತಿ ಒದಗಿದಾಗ ಅಲ್ಲಿಯ ಆಡಳಿತವನ್ನು ರಾಷ್ಟ್ರಪತಿಗಳು, ಅಂದರೆ ವಾಸ್ತವದಲ್ಲಿ ಕೇಂದ್ರ ಸರಕಾರ, ವಹಿಸಿಕೊಳ್ಳಲು ಅವಕಾಶ ನೀಡುವ ವಿಧಿಯಿದು. ಘೋಷಣೆಗೆ ಎರಡು ತಿಂಗಳೊಳಗೆ ಸಂಸತ್ತಿನ ಉಭಯ ಸದನಗಳ ಒಪ್ಪಿಗೆ ದೊರೆಯಬೇಕು. ಸಂವಿಧಾನ ಸಭೆಯಲ್ಲಿ ಈ ವಿಧಿಯ ಬಗೆಗೆ ಆತಂಕ ವ್ಯಕ್ತವಾದಾಗ ಡಾ. ಬಿ. ಆರ್. ಅಂಬೇಡ್ಕರ್ ಅವರು, ಇದು ಬಳಕೆಗೇ ಬಾರದಿರಲಿ ಎಂಬ ಆಶಯವನ್ನು ವ್ಯಕ್ತಪಡಿಸಿದ್ದರು.

ಆಶಯ ಈಡೇರಲಿಲ್ಲ. 1977ರಲ್ಲಿ ಕೇಂದ್ರಕ್ಕೆ ಬಂದ ಜನತಾ ಸರಕಾರ ಕಾಂಗ್ರೆಸ್ ಆಡಳಿತದ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಿತು. 1980ರಲ್ಲಿ ಮರಳಿ ಬಂದ ಕಾಂಗ್ರೆಸ್ ಸರಕಾರ ಅದಕ್ಕೆ ಉತ್ತರವೆಂಬಂತೆ ಒಂಬತ್ತು ರಾಜ್ಯಗಳಲ್ಲಿ ಹಾಗೆಯೇ ಮಾಡಿತು. ಬೊಮ್ಮಾಯಿಯವರ ಸರಕಾರ ಬೀಳುವ ಹೊತ್ತಿಗೆ ದೇಶದಲ್ಲಿ ಈ ವಿಧಿಯನ್ನು 70ಕ್ಕೂ ಹೆಚ್ಚು ಬಾರಿ ಬಳಸಲಾಗಿತ್ತು. ಆದ್ದರಿಂದ ಈ ದೋಷವನ್ನು ಒಂದೇ ಪಕ್ಷದ ತಲೆಗೆ ಕಟ್ಟುವುದು ನ್ಯಾಯವಲ್ಲ. ಅಧಿಕಾರ ಕೈಯಲ್ಲಿದ್ದಾಗ ಎಲ್ಲರಿಗೂ ಆ ಅಸ್ತ್ರ ಪ್ರಿಯವಾಗಿತ್ತು.

ನ್ಯಾಯಾಲಯದಲ್ಲಿ ಐದು ವರ್ಷ

ಪದಚ್ಯುತರಾದ ರಾಜಕಾರಣಿ ಸಾಮಾನ್ಯವಾಗಿ ಮಾಡುವುದೇನು? ಮುಂದಿನ ಚುನಾವಣೆಗೆ ಸಿದ್ಧನಾಗುತ್ತಾನೆ. ಬೊಮ್ಮಾಯಿಯವರೊಳಗಿದ್ದ ನ್ಯಾಯವಾದಿ ಅಷ್ಟಕ್ಕೇ ಸುಮ್ಮನಾಗಲಿಲ್ಲ. ವಜಾ ಆದ ಐದೇ ದಿನಕ್ಕೆ, ಏಪ್ರಿಲ್ 26ರಂದು, ಘೋಷಣೆಯ ಸಿಂಧುತ್ವವನ್ನು ಪ್ರಶ್ನಿಸಿ ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ರಿಟ್ ಅರ್ಜಿ ದಾಖಲಾಯಿತು. ಮೂವರು ನ್ಯಾಯಮೂರ್ತಿಗಳ ವಿಶೇಷ ಪೀಠ ಅದನ್ನು ಆಲಿಸಿ ವಜಾಗೊಳಿಸಿತು. ಅಲ್ಲಿಂದ ವಿಷಯ ಸರ್ವೋಚ್ಚ ನ್ಯಾಯಾಲಯವನ್ನು ತಲುಪಿತು.

ಈ ನಡುವೆ ಕಾಲ ನಿಲ್ಲಲಿಲ್ಲ. ನವೆಂಬರ್‌ನಲ್ಲಿ ಚುನಾವಣೆ ನಡೆದು ಕಾಂಗ್ರೆಸ್ ಭಾರಿ ಬಹುಮತ ಗಳಿಸಿತು. 1989ರ ನವೆಂಬರ್ 30ರಂದು ವೀರೇಂದ್ರ ಪಾಟೀಲರು ಮುಖ್ಯಮಂತ್ರಿಯಾದರು. ಹೊಸ ಜನಾದೇಶ ಬಂದ ಮೇಲೆ ಹಳೆಯ ಸರಕಾರ ಮರಳಿ ಬರುವ ಮಾತೇ ಇರಲಿಲ್ಲ. ಗೆದ್ದರೂ ಕುರ್ಚಿ ಸಿಗದು. ಸೋತರೆ ಅವಮಾನ ಮಾತ್ರ ಉಳಿಯುವುದು. ಇದನ್ನು ಬಲ್ಲವರಾಗಿಯೂ ಅವರು ಪ್ರಕರಣವನ್ನು ಕೈಬಿಡಲಿಲ್ಲ. ಈ ಬದುಕಿನಲ್ಲಿ ನಾವು ಗುರುತಿಸಬೇಕಾದ ಮುಖ್ಯ ಸಂಗತಿ ಇದೇ ಎಂದು ನಮ್ಮ ಭಾವನೆ.

ಸರ್ವೋಚ್ಚ ನ್ಯಾಯಾಲಯದಲ್ಲಿ ಇದರ ಜೊತೆಗೆ ಇತರ ರಾಜ್ಯಗಳ ಪ್ರಕರಣಗಳೂ ಸೇರಿದವು: 1988ರ ನಾಗಾಲ್ಯಾಂಡ್, 1991ರ ಮೇಘಾಲಯ, ಹಾಗೂ ಅಯೋಧ್ಯೆಯ ಘಟನೆಯ ನಂತರ 1992ರ ಡಿಸೆಂಬರ್‌ನಲ್ಲಿ ವಜಾಗೊಂಡ ಮಧ್ಯಪ್ರದೇಶ, ರಾಜಸ್ಥಾನ ಮತ್ತು ಹಿಮಾಚಲ ಪ್ರದೇಶ. ಒಂಬತ್ತು ಮಂದಿ ನ್ಯಾಯಮೂರ್ತಿಗಳ ಸಂವಿಧಾನ ಪೀಠ ಎಲ್ಲವನ್ನೂ ಒಟ್ಟಿಗೆ ಆಲಿಸಿ 1994ರ ಮಾರ್ಚ್ 11ರಂದು ತೀರ್ಪಿತ್ತಿತು. ಅದಕ್ಕೆ ಬಂದ ಹೆಸರು ‘ಎಸ್. ಆರ್. ಬೊಮ್ಮಾಯಿ ವಿರುದ್ಧ ಭಾರತ ಒಕ್ಕೂಟ’.

ತೀರ್ಪು ಹೇಳಿದ್ದೇನು?

ನ್ಯಾಯಮೂರ್ತಿಗಳು ಹಲವು ಪ್ರತ್ಯೇಕ ಅಭಿಪ್ರಾಯಗಳನ್ನು ಬರೆದ ದೀರ್ಘ ತೀರ್ಪು ಅದು. ಬಹುಮತದಿಂದ ನೆಲೆಗೊಂಡ ಮುಖ್ಯ ತತ್ತ್ವಗಳನ್ನು ಸರಳವಾಗಿ ಹೀಗೆ ಹೇಳಬಹುದು.

ಮೊದಲನೆಯದು, ಸರಕಾರಕ್ಕೆ ಬಹುಮತವಿದೆಯೇ ಇಲ್ಲವೇ ಎಂಬುದನ್ನು ಪರೀಕ್ಷಿಸುವ ಸ್ಥಳ ವಿಧಾನಸಭೆಯ ಸದನ. ರಾಜಭವನದಲ್ಲಿ ಕುಳಿತು ಪತ್ರಗಳನ್ನು ಎಣಿಸಿ ತೀರ್ಮಾನಿಸುವ ವಿಷಯ ಅದಲ್ಲ. ಸದನ ಸೇರಲಾಗದಷ್ಟು ಹಿಂಸೆ ವ್ಯಾಪಿಸಿದಂತಹ ಅಸಾಧಾರಣ ಸಂದರ್ಭ ಮಾತ್ರ ಇದಕ್ಕೆ ಅಪವಾದ.

ಎರಡನೆಯದು, ರಾಷ್ಟ್ರಪತಿಗಳ ಘೋಷಣೆ ನ್ಯಾಯಾಲಯದ ಪರಿಶೀಲನೆಗೆ ಹೊರತಲ್ಲ. ಸಚಿವ ಸಂಪುಟ ರಾಷ್ಟ್ರಪತಿಗಳಿಗೆ ಏನು ಸಲಹೆ ನೀಡಿತೆಂದು ನ್ಯಾಯಾಲಯ ಕೇಳಲಾಗದು. ಆದರೆ ಯಾವ ಆಧಾರದ ಮೇಲೆ ಈ ಕ್ರಮ ಕೈಗೊಳ್ಳಲಾಯಿತು, ಆ ಆಧಾರ ವಿಷಯಕ್ಕೆ ಸಂಬಂಧಿಸಿದ್ದೇ, ಉದ್ದೇಶ ಶುದ್ಧವಾಗಿತ್ತೇ ಎಂದು ಕೇಳಬಹುದು.

ಮೂರನೆಯದು, ಸಂಸತ್ತಿನ ಉಭಯ ಸದನಗಳು ಘೋಷಣೆಯನ್ನು ಒಪ್ಪುವವರೆಗೆ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ, ಅಮಾನತಿನಲ್ಲಿಡಬಹುದು ಅಷ್ಟೆ. ಘೋಷಣೆ ತಪ್ಪೆಂದು ಕಂಡುಬಂದರೆ ಸರಕಾರವನ್ನೂ ಸಭೆಯನ್ನೂ ಮರುಸ್ಥಾಪಿಸುವ ಅಧಿಕಾರ ನ್ಯಾಯಾಲಯಕ್ಕಿದೆ.

ನಾಲ್ಕನೆಯದು, ರಾಜ್ಯಗಳು ಕೇಂದ್ರದ ಕೈಗೂಸುಗಳಲ್ಲ. ತಮಗೆ ವಹಿಸಿದ ಕ್ಷೇತ್ರದಲ್ಲಿ ಅವುಗಳಿಗೆ ತಮ್ಮದೇ ಆದ ಸಾಂವಿಧಾನಿಕ ಸ್ಥಾನವಿದೆ. ಒಕ್ಕೂಟ ವ್ಯವಸ್ಥೆ ಸಂವಿಧಾನದ ಮೂಲ ಸ್ವರೂಪಕ್ಕೆ ಸೇರಿದ್ದು.

ಐದನೆಯದು, ಧರ್ಮನಿರಪೇಕ್ಷತೆಯೂ ಸಂವಿಧಾನದ ಮೂಲ ಸ್ವರೂಪದ ಭಾಗ. ರಾಜ್ಯ ಎಲ್ಲ ಧರ್ಮಗಳನ್ನೂ ಸಮಾನವಾಗಿ ಕಾಣಬೇಕು. ಈ ನೆಲೆಯಲ್ಲಿಯೇ ನ್ಯಾಯಪೀಠ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶಗಳ ಘೋಷಣೆಗಳನ್ನು ಎತ್ತಿಹಿಡಿಯಿತು.

ಕರ್ನಾಟಕ, ನಾಗಾಲ್ಯಾಂಡ್, ಮೇಘಾಲಯಗಳ ಘೋಷಣೆಗಳು ಅಸಾಂವಿಧಾನಿಕವೆಂದು ತೀರ್ಮಾನವಾಯಿತು. ಆದರೆ ಅಷ್ಟರಲ್ಲಿ ಚುನಾವಣೆಗಳು ಮುಗಿದು ಹೊಸ ಸರಕಾರಗಳು ಬಂದಿದ್ದುದರಿಂದ ಹಳೆಯದನ್ನು ಮರಳಿಸುವ ಆದೇಶವಾಗಲಿಲ್ಲ. ಬೊಮ್ಮಾಯಿಯವರಿಗೆ ದೊರೆತದ್ದು ಒಂದು ಮಾತು: ನಿಮಗಾದದ್ದು ಸರಿಯಲ್ಲ. ನಾಡಿಗೆ ದೊರೆತದ್ದು ಒಂದು ನಿಯಮ.

ದೆಹಲಿಯಲ್ಲಿ

ಬೊಮ್ಮಾಯಿಯವರು 1990ರಿಂದ 1996ರವರೆಗೆ ಜನತಾದಳದ ರಾಷ್ಟ್ರೀಯ ಅಧ್ಯಕ್ಷರಾಗಿದ್ದರು. ರಾಜ್ಯಸಭೆಯ ಸದಸ್ಯರೂ ಆಗಿದ್ದರು. 1996ರಿಂದ 1998ರವರೆಗೆ ಎಚ್. ಡಿ. ದೇವೇಗೌಡ ಮತ್ತು ಐ. ಕೆ. ಗುಜ್ರಾಲ್ ಅವರ ಸಂಪುಟಗಳಲ್ಲಿ ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವರಾಗಿ ಶಿಕ್ಷಣದ ಹೊಣೆ ಹೊತ್ತರು. ಶಿಕ್ಷಣವನ್ನು ಮೂಲಭೂತ ಹಕ್ಕನ್ನಾಗಿ ಮಾಡುವ ಸಂವಿಧಾನ ತಿದ್ದುಪಡಿ ಮಸೂದೆ ಸಂಸತ್ತಿನ ಮುಂದೆ ಬಂದದ್ದು ಅವರ ಅವಧಿಯಲ್ಲಿ, 1997ರಲ್ಲಿ. ಅದು ಆಗ ಕೈಗೂಡದಿದ್ದರೂ 2002ರಲ್ಲಿ 86ನೆಯ ತಿದ್ದುಪಡಿಯ ರೂಪದಲ್ಲಿ ಆ ಆಶಯ ಈಡೇರಿತು. ಮಠಗಳ ಪ್ರಸಾದ ನಿಲಯಗಳಲ್ಲಿ ಉಂಡು ಓದಿದ ಲಕ್ಷಾಂತರ ಮಕ್ಕಳ ನಾಡಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಇದೇ ಅವಧಿಯಲ್ಲಿ ಒಂದು ವಿಚಿತ್ರ ಸಂಗತಿ ನಡೆಯಿತು. 1997ರ ಅಕ್ಟೋಬರ್‌ನಲ್ಲಿ ಉತ್ತರಪ್ರದೇಶದ ಕಲ್ಯಾಣ ಸಿಂಗ್ ಸರಕಾರ ಗದ್ದಲದ ನಡುವೆ ಸದನದಲ್ಲಿ ವಿಶ್ವಾಸಮತ ಗಳಿಸಿತ್ತು. ಆದರೂ ಗುಜ್ರಾಲ್ ಸಂಪುಟ ಅಲ್ಲಿ ರಾಷ್ಟ್ರಪತಿ ಆಳ್ವಿಕೆಗೆ ಶಿಫಾರಸು ಮಾಡಿತು. ರಾಷ್ಟ್ರಪತಿ ಕೆ. ಆರ್. ನಾರಾಯಣನ್ ಅವರು ಅದನ್ನು ಮರುಪರಿಶೀಲನೆಗೆಂದು ಹಿಂದಿರುಗಿಸಿದರು. ಸಂಪುಟ ಶಿಫಾರಸನ್ನು ಕೈಬಿಟ್ಟಿತು. ಆ ಸಂಪುಟದಲ್ಲಿ ಬೊಮ್ಮಾಯಿಯವರೂ ಒಬ್ಬ ಸಚಿವರಾಗಿದ್ದರು. ತಮ್ಮ ಹೆಸರಿನ ನಿಯಮ ತಾವು ಸದಸ್ಯರಾಗಿದ್ದ ಸರಕಾರವನ್ನೇ ತಡೆಯುವಷ್ಟು ಬಲಿತಿತ್ತು. ಹಿರಿಯರ ಸ್ಮರಣೆ ಎಂದು ಈ ಸಂಗತಿಯನ್ನು ಮರೆಮಾಚುವುದು ನಮಗೆ ಒಪ್ಪಿತವಲ್ಲ. ನಿಯಮ ನಿಜವಾದುದೆಂಬುದಕ್ಕೆ ಗುರುತು, ಅದು ತನ್ನವರಿಗೂ ಅನ್ವಯಿಸುವುದೇ ಆಗಿದೆ.

ತೀರ್ಪಿನ ಫಲ

1994ರ ನಂತರ 356ನೆಯ ವಿಧಿಯ ಬಳಕೆ ಹಿಂದಿನಂತೆ ಸಲೀಸಾಗಲಿಲ್ಲ. 1998ರ ಫೆಬ್ರುವರಿಯಲ್ಲಿ ಉತ್ತರಪ್ರದೇಶದ ರಾಜ್ಯಪಾಲರು ಕಲ್ಯಾಣ ಸಿಂಗ್ ಅವರನ್ನು ವಜಾಗೊಳಿಸಿ ಜಗದಂಬಿಕಾ ಪಾಲ್ ಅವರಿಗೆ ಪ್ರಮಾಣವಚನ ಬೋಧಿಸಿದಾಗ, ಸರ್ವೋಚ್ಚ ನ್ಯಾಯಾಲಯ ಇಬ್ಬರಿಗೂ ಸದನದಲ್ಲಿಯೇ ಬಲಪರೀಕ್ಷೆ ನಡೆಸಲು ಆದೇಶಿಸಿತು. ಕಲ್ಯಾಣ ಸಿಂಗ್ ಗೆದ್ದರು. 2016ರ ಮೇ 10ರಂದು ಉತ್ತರಾಖಂಡದಲ್ಲಿ ನ್ಯಾಯಾಲಯದ ನಿಗಾದಲ್ಲಿ ವಿಶ್ವಾಸಮತ ನಡೆದು ಹರೀಶ ರಾವತ್ ಅವರ ಸರಕಾರ ಮರಳಿತು. 2018ರ ಮೇ 19ರಂದು ನಮ್ಮ ವಿಧಾನಸಭೆಯಲ್ಲಿಯೇ ಬಲಪರೀಕ್ಷೆ ನಡೆಸಬೇಕೆಂದು ನ್ಯಾಯಾಲಯ ಆದೇಶಿಸಿತು. ಮತಕ್ಕೆ ಹಾಕುವ ಮೊದಲೇ ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪನವರು ರಾಜೀನಾಮೆ ಘೋಷಿಸಿದರು. ಒಮ್ಮೆ ಒಂದು ಪಕ್ಷಕ್ಕೆ, ಇನ್ನೊಮ್ಮೆ ಮತ್ತೊಂದು ಪಕ್ಷಕ್ಕೆ ಈ ತೀರ್ಪು ಆಸರೆಯಾಗಿದೆ. ಬೆಳವಣಕಿಯ ಭಕ್ತರ ಕಿವಿಗೆ ಬಿದ್ದ ‘ಬೊಮ್ಮಾಯಿ ಪ್ರಕರಣ’ ಇದುವೇ.

ಎಲ್ಲ ರೋಗಕ್ಕೂ ಈ ತೀರ್ಪು ಮದ್ದಾಯಿತೆಂದು ನಾವು ಹೇಳುವುದಿಲ್ಲ. ಬಲಪರೀಕ್ಷೆಗೆ ಮೊದಲು ಶಾಸಕರನ್ನು ಬಸ್ಸುಗಳಲ್ಲಿ ತುಂಬಿ ರೆಸಾರ್ಟುಗಳಿಗೆ ಒಯ್ಯುವ ದೃಶ್ಯವನ್ನು ನಾವೆಲ್ಲ ಕಂಡಿದ್ದೇವೆ. ಎಣಿಕೆ ಎಲ್ಲಿ ನಡೆಯಬೇಕೆಂದು ನ್ಯಾಯಾಲಯ ಹೇಳಬಲ್ಲದು; ಎಣಿಕೆಗೆ ಬರುವವನ ಅಂತಃಕರಣವನ್ನು ಅದು ತಿದ್ದಲಾರದು. ಆ ಕೆಲಸ ಮತದಾರನದು, ಮನೆಯದು, ಮಠದ್ದು.

ಶರಣರ ಬೆಳಕಿನಲ್ಲಿ

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಕಟ್ಟಿದ ಅನುಭವ ಮಂಟಪವನ್ನು ಇಂದಿನ ಶಾಸನಸಭೆಯೊಡನೆ ಹೋಲಿಸುವುದು ಭಾಷಣಗಳಲ್ಲಿ ವಾಡಿಕೆಯಾಗಿದೆ. ಹೋಲಿಕೆ ಎಲ್ಲ ಅಂಶಗಳಲ್ಲಿಯೂ ಹೊಂದದು; ಅಲ್ಲಿ ಮತ ಎಣಿಕೆಯಿರಲಿಲ್ಲ, ಸರಕಾರವಿರಲಿಲ್ಲ. ಆದರೆ ಒಂದು ಅಂಶದಲ್ಲಿ ಅದು ಹೊಂದುತ್ತದೆ. ಅಲ್ಲಿ ಮಾತು ಬಯಲಿನಲ್ಲಿ ನಡೆಯುತ್ತಿತ್ತು. ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭುಗಳು ಆಕೆಯನ್ನು ಎಲ್ಲ ಶರಣರ ಸಮ್ಮುಖದಲ್ಲಿ ಪ್ರಶ್ನಿಸಿದರು. ಆಕೆ ಎಲ್ಲರೆದುರಿಗೇ ಉತ್ತರಿಸಿದಳು. ಎಲ್ಲರೂ ಕೇಳಿ ಒಪ್ಪಿದರು. ಬೆನ್ನ ಹಿಂದೆ ಆಕೆಯ ಬಗೆಗೆ ಪತ್ರ ಬರೆದು ತೀರ್ಮಾನಿಸಲಿಲ್ಲ. ಪರೀಕ್ಷೆಗೆ ಒಳಗಾಗುವವರಿಗೆ ಮಾತನಾಡುವ ಅವಕಾಶವಿರಬೇಕು, ಅದನ್ನು ಸಭೆ ಕೇಳಬೇಕು. 1994ರ ತೀರ್ಪಿನ ತಿರುಳೂ ಇದಕ್ಕಿಂತ ದೂರವಿಲ್ಲ.

ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವೂ ಇಲ್ಲಿ ನೆನಪಾಗುತ್ತದೆ. ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದ ಪತಿ ಮಾರಯ್ಯನನ್ನು ಆಕೆ ತಡೆದು, ಹೆಚ್ಚಿನದನ್ನು ಅಲ್ಲಿಯೇ ಮರಳಿ ಸುರಿದು ಬರಲು ಹೇಳಿದಳು. ತನಗೆ ಸಲ್ಲದ್ದನ್ನು ಮುಟ್ಟದಿರುವುದು ಶರಣರ ದೃಷ್ಟಿಯಲ್ಲಿ ಕಾಯಕದ ಶುದ್ಧಿ. ಅಧಿಕಾರವೂ ಹಾಗೆಯೇ. ಸದನಕ್ಕೆ ಸಲ್ಲುವ ಎಣಿಕೆಯನ್ನು ರಾಜಭವನ ಎತ್ತಿಕೊಂಡರೆ ಅದು ಸಲ್ಲದ ಅಕ್ಕಿ. ಮತದಾರರು ಒಂದು ಪಕ್ಷಕ್ಕೆಂದು ಕೊಟ್ಟ ಮತವನ್ನು ಶಾಸಕ ಮತ್ತೊಂದೆಡೆಗೆ ಒಯ್ದರೆ ಅದೂ ಸಲ್ಲದ ಅಕ್ಕಿಯೇ.

ಕೊನೆಯ ದಿನಗಳು

ಎಸ್. ಆರ್. ಬೊಮ್ಮಾಯಿಯವರು 2007ರ ಅಕ್ಟೋಬರ್ 10ರಂದು ತಮ್ಮ 83ನೆಯ ವಯಸ್ಸಿನಲ್ಲಿ ಅಗಲಿದರು. ಅವರ ಪುತ್ರ ಬಸವರಾಜ ಬೊಮ್ಮಾಯಿಯವರು 2021ರ ಜುಲೈ 28ರಂದು ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿ 2023ರ ಮೇ ವರೆಗೆ ಆಡಳಿತ ನಡೆಸಿದರು. ತಂದೆ-ಮಗ ಇಬ್ಬರೂ ಮುಖ್ಯಮಂತ್ರಿಗಳಾದ ಉದಾಹರಣೆ ನಮ್ಮ ನಾಡಿನಲ್ಲಿ ದೇವೇಗೌಡ-ಕುಮಾರಸ್ವಾಮಿ ಅವರನ್ನು ಬಿಟ್ಟರೆ ಇದೊಂದೇ.

ಎಂಟು ತಿಂಗಳ ಅಧಿಕಾರವನ್ನಷ್ಟೇ ಅಳೆದರೆ ಬೊಮ್ಮಾಯಿಯವರ ಹೆಸರು ಮುಖ್ಯಮಂತ್ರಿಗಳ ಪಟ್ಟಿಯಲ್ಲಿ ಒಂದು ಸಾಲಾಗಿ ಉಳಿಯುತ್ತಿತ್ತು. ಆದರೆ ಇಂದು ದೇಶದ ಯಾವ ಮೂಲೆಯ ಕಾನೂನು ಕಾಲೇಜಿನಲ್ಲಿಯೂ ಅವರ ಹೆಸರನ್ನು ಉಚ್ಚರಿಸದೆ ಸಂವಿಧಾನದ ಪಾಠ ಮುಗಿಯುವುದಿಲ್ಲ. ಕಾರಡಗಿಯಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ವಕೀಲಿ ಮಾಡಿದ ಒಬ್ಬ ಕನ್ನಡಿಗ ಕಳೆದುಕೊಂಡ ಪೀಠ ಹಲವು ರಾಜ್ಯಗಳ ಸದನಗಳಿಗೆ ರಕ್ಷೆಯಾಯಿತು.

ಆ ಭಕ್ತರಿಗೆ ಅಂದು ನಾವು ಹೇಳಿದ ಉತ್ತರ ಚಿಕ್ಕದು: “ಅವರು ಅಪರಾಧ ಮಾಡಿದ ಪ್ರಕರಣ ಅಲ್ಲರಿ, ತಮಗಾದ ತಪ್ಪನ್ನು ಎಲ್ಲರಿಗೂ ಒಪ್ಪಾಗುವಂತೆ ತಿದ್ದಿಸಿದ ಪ್ರಕರಣ.” ನಮ್ಮ ಮಕ್ಕಳಲ್ಲಿ ವಕೀಲರಾಗುವವರು, ಗ್ರಾಮ ಪಂಚಾಯಿತಿಯಿಂದ ವಿಧಾನಸಭೆಯವರೆಗೆ ಜನಪ್ರತಿನಿಧಿಗಳಾಗುವವರು ಮುಂದೆಯೂ ಬರುತ್ತಾರೆ. ಅವರು ಈ ಬದುಕಿನ ಪುಟಗಳನ್ನೊಮ್ಮೆ ತಿರುವಿ ನೋಡಲಿ. ಗೆಲುವಿಗಿಂತ ನಿಯಮ ದೊಡ್ಡದೆಂಬ ಅರಿವು ಅವರಲ್ಲಿ ನೆಲೆಗೊಳ್ಳಲಿ ಎಂದು ಹಾರೈಸುತ್ತೇವೆ.